ಎಪ್ಪತ್ತೆಂಟರ ತಂಡದ ಫೋಟೋ

ಗೋಡೆಯಲ್ಲಿ ಮೊಳೆ ಇತ್ತು. ಫೋಟೋ ಇರಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಕೇರಂ ಆಡಲು ಬಂದವರು ಮೊದಲು ನೋಡಿದರು. ಐದೇ ನಿಮಿಷದಲ್ಲಿ ಕಬಡ್ಡಿ ಅಂಕಣ, ವಾಲಿಬಾಲ್ ಕೋರ್ಟು ಎರಡೂ ಖಾಲಿಯಾಗಿ, ಇಡೀ ಮಾರೇನಹಳ್ಳಿ ಕ್ರೀಡಾ ಸಂಘ ಆ ಪುಟ್ಟ ಕೋಣೆಗೆ ನುಗ್ಗಿತ್ತು. ಹೋಗಿದ್ದು ಅಂತಿಂಥ ಫೋಟೋ ಅಲ್ಲ. 1978ರಲ್ಲಿ ಜಿಲ್ಲಾ ಕಪ್ಪು ಗೆದ್ದ ಕಬಡ್ಡಿ ತಂಡದ್ದು. ಸಂಘಕ್ಕೆ ಅರವತ್ತು ತುಂಬಿತ್ತು. ಭಾನುವಾರ ವಜ್ರ ಮಹೋತ್ಸವ. ಅದೇ ಫೋಟೋವನ್ನು ಆರಡಿಗೆ ದೊಡ್ಡದು ಮಾಡಿಸಿ ವೇದಿಕೆಯಲ್ಲಿ ಅನಾವರಣ ಮಾಡಬೇಕಿತ್ತು.

ಪ್ರಭಾಗೆ ಫೋನ್ ಹೋಯಿತು. ಪೊಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಿಯಾದವಳು. ಅದಕ್ಕೂ ಮೊದಲು ಲಂಗ ಎತ್ತಿ ಕಟ್ಟಿ ಇದೇ ಮಣ್ಣಿನಲ್ಲಿ ಖೋಖೋ ಆಡಿದವಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು.

“ಬೀಗ?”

“ಒಡೆದಿಲ್ಲ ಮೇಡಂ,” ಎಂದಳು ಅನು. ವಾಲಿಬಾಲ್ ತಂಡದ ಕ್ಯಾಪ್ಟನ್, ಸ್ಮರಣ ಸಂಚಿಕೆಯ ಹೊಣೆಯೂ ಅವಳದೇ. “ಕೀ ಬಾಗಿಲ ಮೇಲೇ ಇಡ್ತೀವಲ್ಲ. ಎಲ್ರಿಗೂ ಗೊತ್ತು.”

“ಬೆಳಿಗ್ಗೆ ಇತ್ತಾ?”

“ಒಂಬತ್ತಕ್ಕೆ ಬೀಗ ಹಾಕುವಾಗ ಇತ್ತು.”

ಮೊಳೆ ಎತ್ತರದಲ್ಲಿತ್ತು. ಕೆಳಗೆ ಕೇರಂ ಮೇಜು. ಮೇಜು ಹತ್ತಿದರೆ ಕೈಗೆ ಸಿಗುತ್ತದೆ. ಆದರೆ ಕೇರಂ ಬೋರ್ಡು ಮೇಜಿನ ಮೇಲಿರಲಿಲ್ಲ. ಯಾರೋ ಅದನ್ನು ಇಳಿಸಿ, ಮುಖ ಒಳಗೆ ಮಾಡಿ, ಜೋಪಾನವಾಗಿ ಗೋಡೆಗೆ ಒರಗಿಸಿಟ್ಟಿದ್ದರು.

“ಇದನ್ನ ಯಾರು ಇಳಿಸಿದ್ದು?”

“ನಾವು ಬಂದಾಗ್ಲೇ ಹಂಗಿತ್ತು,” ಎಂದರು ಕೇರಂನವರು.

ಪ್ರಭಾ ಬೋರ್ಡನ್ನು ಮೇಜಿನ ಮೇಲೆ ವಾಪಸ್ ಇಡಿಸಿದಳು. “ಮುನಿರಾಜುನ ಕರೀರಿ.”

* * *

ಎಲ್ಲರ ಅನುಮಾನವೂ ಕಾರ್ಯದರ್ಶಿ ಮುನಿರಾಜು ಮೇಲೆಯೇ. ಹಳೆ ಕೋಣೆ ಕೆಡವಿ ಶಟಲ್ ಕೋರ್ಟ್ ಮಾಡೋಣ ಎಂದು ಹೋದ ತಿಂಗಳ ಸಭೆಯಲ್ಲಿ ಕೂಗಾಡಿದ್ದ. ಫೋಟೋ ನೋಡಿಕೊಂಡಿದ್ದರೆ ಹೊಟ್ಟೆ ತುಂಬುತ್ತಾ ಎಂದೂ ಕೇಳಿದ್ದ.

“ಮಧ್ಯಾಹ್ನ ಎಲ್ಲಿದ್ರಿ?”

“ನಾನ್ಯಾಕೆ ಮೇಡಂ ಕದೀಲಿ?” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅವನು. ಬೆವರು ಒರೆಸಿಕೊಳ್ಳುತ್ತಾ ಕೇರಂ ಬೋರ್ಡಿನ ಮೇಲೇ ಕುಳಿತ. ಸುತ್ತ ನಿಂತಿದ್ದವರೆಲ್ಲ ಹಾವು ಮೆಟ್ಟಿದವರಂತೆ ಹೌಹಾರಿದರು.

“ಹೋಗಿ, ನೀವಲ್ಲ,” ಎಂದಳು ಪ್ರಭಾ.

ಅನು ಮೊಬೈಲ್ ಮುಂದೆ ಹಿಡಿದಳು. “ಹೋದ ವಾರ ಸಂಚಿಕೆಗೆ ಅಂತ ಆ ಫೋಟೋನ ತೆಗೆದಿದ್ದೆ. ಆರಡಿಗೆ ಇದು ಸಾಲಲ್ಲ.”

ಪ್ರಭಾ ಹಿಗ್ಗಿಸಿ ನೋಡಿದಳು. ಫೈನಲ್ ಮುಗಿದ ತಕ್ಷಣ ತೆಗೆದದ್ದು ಎಂದು ಕೆಳಗೆ ಬರೆದಿತ್ತು. ಏಳು ಜನ. ಆರು ಜನರ ಮಂಡಿಯೆಲ್ಲ ಮಣ್ಣು, ತರಚುಗಾಯ. ಏಳನೆಯವನದು ಮಾತ್ರ ಆಗ ತಾನೇ ಸ್ನಾನ ಮಾಡಿ ಬಂದವನ ಮಂಡಿ. ಕೆಳಗಿದ್ದ ಅವನ ಹೆಸರನ್ನು ಪ್ರಭಾ ಎರಡು ಸಲ ಓದಿದಳು.

“ದೊಡ್ಡದು ಮಾಡ್ಸೋದು ಬೇಡ ಅಂತ ಯಾರಾದ್ರೂ ಅಂದಿದ್ರಾ?”

“ಅಧ್ಯಕ್ಷರು ಅಂದ್ರು. ಮೊನ್ನೆ, ಅತಿಥಿಗಳ ಪಟ್ಟಿ ನೋಡಿದ್ಮೇಲೆ.”

ಪಟ್ಟಿಯಲ್ಲಿ ಅನು ಬರೆದಿದ್ದಳು: ಹಳೆಯ ಸದಸ್ಯ ಮರಿಯಪ್ಪ, ಕೆಂಗೇರಿ, ನಲವತ್ತೇಳು ವರ್ಷದ ನಂತರ ಬರುತ್ತಿದ್ದಾರೆ.

* * *

ಅಧ್ಯಕ್ಷ ಬಸವಲಿಂಗಪ್ಪನವರ ಮನೆ ಚಂದ್ರಾ ಲೇಔಟಿನಲ್ಲಿ. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು. ಪ್ರಭಾಗೆ ಖೋಖೋ ಕಲಿಸಿದವರು. ಆ ಮನೆಗೆ ಪೊಲೀಸಮ್ಮನಾಗಿ ಹೋಗಲು ಅವಳಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಹೋದಳು.

“ಮೇಷ್ಟ್ರೇ, ಫೋಟೋ ಕೊಡಿ.”

“ಹೆಂಗೆ ಗೊತ್ತಾಯ್ತಮ್ಮ?”

“ಹೊರಗಿನ ಕಳ್ಳ ಆಗಿದ್ರೆ ಬೋರ್ಡ್ ತುಳ್ಕೊಂಡೇ ಹತ್ತಿರೋನು. ಮುನಿರಾಜು ಅದರ ಮೇಲೇ ಕೂರೋ ಆಸಾಮಿ. ಆಡೋ ವಸ್ತುಗೆ ಕಾಲು ತಾಗಿಸ್ಬಾರದು ಅಂತ ನಮಗೆಲ್ಲ ಕಲಿಸಿದ್ದು ನೀವು. ಕದಿಯೋವಾಗ್ಲೂ ಅದು ಬಿಡ್ಲಿಲ್ಲ ನಿಮ್ಮನ್ನ. ಆಮೇಲೆ ಫೋಟೋದಲ್ಲಿ ನಿಮ್ಮ ಮಂಡಿ ನೋಡ್ದೆ. ಫೈನಲ್ ಆಡಿದೋರ ಮಂಡಿ ಅಲ್ಲ ಅದು. ಮರಿಯಪ್ಪ ಬರ್ತಾರೆ ಅಂತ ಗೊತ್ತಾದ್ಮೇಲೇ ನೀವು ದೊಡ್ಡ ಫೋಟೋ ಬೇಡ ಅಂದಿದ್ದು.”

ಮೇಷ್ಟ್ರು ಒಳಗೆ ಹೋಗಿ, ಪಂಚೆಯಲ್ಲಿ ಸುತ್ತಿದ್ದ ಫೋಟೋ ತಂದಿಟ್ಟರು.

“ನಾನು ಅಂಕ ಬರ್ಕೊಳ್ತಿದ್ದೆ, ಅಷ್ಟೇ. ಆಡಿದ್ದು ಮರಿಯಪ್ಪ. ಕೊನೇ ಪಾಯಿಂಟ್‌ಗೆ ಅವನ ಗಲ್ಲ ಸೀಳಿ, ಹೊಲಿಗೆ ಹಾಕ್ಸೋಕೆ ಕರ್ಕೊಂಡು ಹೋದ್ರು. ಫೋಟೋದವನು ಕಾಯಲ್ಲ ಅಂದ. ಏಳು ಜನ ಇರ್ಲಿ ಅಂತ ತಂಡದ ಚಡ್ಡಿ ಹಾಕ್ಕೊಂಡು ನಾನು ನಿಂತೆ. ಕೆಳಗೆ ನನ್ನ ಹೆಸರೇ ಬಿತ್ತು. ಉಳಿದ ಆರು ಜನ ನಕ್ಕು ಸುಮ್ನಾದ್ರು. ಈಗ ಅವರ್ಯಾರೂ ಇಲ್ಲ. ಫೈನಲ್ ನೋಡದ ಊರೋರು ನನ್ನ ಚಾಂಪಿಯನ್ ಅಂದ್ರು. ನಾಳೆ ಹೇಳಿದ್ರಾಯ್ತು ಅಂತ ಹಂಗೇ ಇದ್ದುಬಿಟ್ಟೆ.” ಮೇಷ್ಟ್ರು ಕಣ್ಣೊರೆಸಿಕೊಂಡರು. “ಆರಡಿ ಫೋಟೋ ಎದುರು ಅವನನ್ನ ಹೆಂಗಮ್ಮ ಕೂರಿಸ್ಲಿ?”

ಪ್ರಭಾಗೆ ಕೋಪವೂ ಬಂತು, ಅಳುವೂ ಬಂತು.

“ಭಾನುವಾರ ನೀವು ಹೇಳಿ. ಇಲ್ದಿದ್ರೆ ನಾನು ಹೇಳ್ಬೇಕಾಗುತ್ತೆ.”

* * *

ಭಾನುವಾರ ಮೇಷ್ಟ್ರು ಮೈಕು ಹಿಡಿದು ಎಲ್ಲವನ್ನೂ ಹೇಳಿದರು. ಕದ್ದದ್ದನ್ನೂ ಬಿಡಲಿಲ್ಲ. ಮುಂದಿನ ಸಾಲಿನಿಂದ ಮರಿಯಪ್ಪ ಎದ್ದು ಬಂದು ಮೇಷ್ಟ್ರ ಎದುರು ನಿಂತರು.

“ಆ ಫೋಟೋನ ಗೋಡೆಗೆ ಹಾಕಿದ ದಿನಾನೇ ನೋಡಿದ್ದೆ. ಅವತ್ತಿಂದ ಈ ಕಡೆ ಬಂದಿಲ್ಲ. ಕಪ್ಪಿಗೋಸ್ಕರ ಅಲ್ಲ ಕಣೋ ಬಸವ. ನೀನು ಮನೆಗೆ ಬಂದು ಒಂದು ಮಾತು ಹೇಳ್ತೀಯ ಅಂತ ಕಾದೆ.”

“ತಪ್ಪಾಯ್ತು ಕಣೋ.”

ಮರಿಯಪ್ಪ ಸ್ವಲ್ಪ ಹೊತ್ತು ಕಬಡ್ಡಿ ಅಂಕಣದ ಕಡೆ ನೋಡಿದರು. ಆಮೇಲೆ ಮುನಿರಾಜು ಕಡೆ ತಿರುಗಿದರು.

“ಬೆಳಿಗ್ಗೆ ಎಷ್ಟಕ್ಕೆ ಬಾಗಿಲು ತೆಗೀತೀರಪ್ಪ?”

“ಐದೂವರೆಗೆ ಸಾರ್.”

“ನಾಳೆಯಿಂದ ಬರ್ತೀನಿ,” ಎಂದರು ಮರಿಯಪ್ಪ.