ಎರಡನೇ ಮಹಡಿಯ ಸುಳ್ಳು ಕರೆ

"ಮೇಡಂ, ದಾರಿ ಬಿಡ್ತೀರಾ? ಇದೇನು ಮೆಟ್ಟಿಲಾ, ನಿಮ್ಮನೆ ಸೋಫಾನಾ?"

ಎರಡನೇ ಮಹಡಿಯ ತಿರುವಿನಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು, ಕಂಬಿ ಹಿಡಿದು ನಿಂತಿದ್ದ ಟೈಲರ್ ಹುಡುಗಿ ಬೆಚ್ಚಿಬಿದ್ದಳು. ಎದುರಿಗೆ ಲಿಫ್ಟ್ ಮೆಕ್ಯಾನಿಕ್... ಹೆಗಲ ಮೇಲೆ ಉಕ್ಕಿನ ಹಗ್ಗದ ಸುರುಳಿ, ಕಣ್ಣಲ್ಲಿ ತುಂಟ ನಗು.

ತಟ್ಟನೆ ಫೋನ್ ಕಿವಿಗಿಟ್ಟುಕೊಂಡಳು. "ಹ್ಞೂಂ ಕಣೋ... ಹೇಳು..."

ಆ ಕಡೆ ಯಾರೂ ಇರಲಿಲ್ಲ!

ಹೃದಯ ರಕ್ತ ತಳ್ಳುವ ಬಲ ಕಡಿಮೆಯಾಗಿದೆ ಎಂದು ಸ್ಕ್ಯಾನ್ ರಿಪೋರ್ಟ್ ಬಂದು ತಿಂಗಳಾಗಿತ್ತು. ನಲವತ್ತೈದು ಪರ್ಸೆಂಟ್. ಅರ್ಧವೂ ಇಲ್ಲ! ಆಮೇಲೆ ಡಾಕ್ಟರ್ ಹೇಳಿದ್ದೊಂದೂ ಅವಳ ತಲೆಗೆ ಹೋಗಲಿಲ್ಲ. ಹೋದದ್ದು ದೊಡ್ಡಮ್ಮನ ಮಾತು ಮಾತ್ರ. "ಯಾರ ಮುಂದೇನೂ ಬಾಯಿ ಬಿಡ್ಬೇಡ. ಕೆಟ್ಟೋಗಿರೋ ಸಾಮಾನು ಅಂದ್ಕೋತಾರೆ."

ಇಪ್ಪತ್ತಾರು ವರ್ಷದ ಹುಡುಗಿಗೆ ಹೇಳುವ ಮಾತೇ ಇದು! ಕದ್ದವರೇ ತಲೆಯೆತ್ತಿ ಓಡಾಡುತ್ತಾರೆ. ಇವಳು ಏದುಸಿರಿಗೆ ನಾಚಿ ಫೋನಿನ ಹಿಂದೆ ಅಡಗಿದಳು.

ಲಿಫ್ಟ್ ಕೆಲಸ ಮೂರು ವಾರ ಎಳೆಯಿತು. ನಾಲ್ಕನೇ ಮಹಡಿಯ ಹೊಲಿಗೆ ಅಂಗಡಿಗೆ ಹತ್ತುವಾಗ ದಿನವೂ ಅದೇ ತಿರುವು, ಅದೇ ಸುಳ್ಳು. ಅವನು ನೀರಿನ ಬಾಟಲಿ ಕೊಡುವನು, ನಗಿಸುವನು. ಅವಳ ಮನಸ್ಸು ವಾಲಿತು. ಅವನದು ಯಾವತ್ತೋ ವಾಲಿತ್ತು. ಆದರೆ ಆ 'ಕಣೋ'... ಅದೇ ಅವನ ಹೊಟ್ಟೆ ಉರಿಸುತ್ತಿತ್ತು.

ಒಂದು ದಿನ ಅವಳು ಫೋನಿನಲ್ಲಿದ್ದಾಗಲೇ ಸಿಡಿದ. "ಅಷ್ಟು ಪ್ರೀತಿ ಇರೋನು ಒಂದಿನಾನೂ ಬಂದು ನಿಮ್ಮ ಚೀಲ ಹೊರಲಿಲ್ಲವಲ್ಲ!"

ಅಷ್ಟರಲ್ಲಿ ಅವಳ ಕಿವಿಯಲ್ಲಿದ್ದ ಅದೇ ಫೋನ್ ರಿಂಗಾಯಿತು!

ಅಯ್ಯೋ... ಭೂಮಿ ಬಾಯಿ ಬಿಡಬಾರದೇ!

"ಯಾರೂ ಇಲ್ಲ..." ಮೆಟ್ಟಿಲ ಮೇಲೆ ಕುಸಿದಳು. "ಹತ್ತಿದ್ರೆ ಉಸಿರು ಸಿಗಲ್ಲ ನಂಗೆ. ನೂರಕ್ಕೆ ನಲವತ್ತೈದು. ಅರ್ಧ ಸತ್ತಿರೋ ಹೃದಯ. ಸಾಕಾ? ನಗಿ ಈಗ!"

ಅವನು ನಗಲಿಲ್ಲ. ಆಡಿದ ಕೊಂಕೆಲ್ಲ ನೆನಪಾಗಿ, ಗ್ರೀಸ್ ಮೆತ್ತಿದ ತನ್ನ ಕೈಗಳನ್ನೇ ನೋಡುತ್ತ ಕೂತ.

"ನಾಚಿಕೆ ಆಗ್ಬೇಕಾಗಿರೋದು ನಂಗೆ... ಅಲ್ಲ, ನೂರು ಯಾರಿಗಿರುತ್ತೆ ಅಂತ ಡಾಕ್ಟರ್ ಹತ್ರ ಕೇಳಿದ್ರಾ?"

ಕೇಳಿರಲಿಲ್ಲ.

ಸಂಜೆ ಆಸ್ಪತ್ರೆಗೆ ಅವನೇ ಜೊತೆಗೆ ಹೋದ. ಡಾಕ್ಟರಮ್ಮ ನಕ್ಕರು. "ತುಂಬಿದ ರಕ್ತಾನೆಲ್ಲ ಒಂದೇ ಸಲ ತಳ್ಳೋ ಹೃದಯ ಯಾರಿಗೂ ಇಲ್ಲಮ್ಮ. ಚೆನ್ನಾಗಿರೋದೇ ಐವತ್ತೈದರಿಂದ ಎಪ್ಪತ್ತು. ನಿಂದು ಸ್ವಲ್ಪ ಕಡಿಮೆ. ಮಾತ್ರೆ ಬಿಡ್ಬೇಡ, ಉಪ್ಪು ಕಡಿಮೆ ಮಾಡು, ಕಾಲು ಊದಿದ್ರೆ ತಕ್ಷಣ ಬಾ. ನಿಧಾನವಾಗಿ ನಡಿ. ದಣಿವಾದ್ರೆ ನಿಲ್ಲು, ಅದರಲ್ಲಿ ತಪ್ಪೇನಿದೆ?"

ಲಿಫ್ಟ್ ಸರಿಯಾಯಿತು. ಆದರೂ ಅವಳು ಎರಡು ಮಹಡಿ ನಡೆದೇ ಹತ್ತುವಳು. ಒಂದು ದಿನ ಅದೇ ತಿರುವಿನಲ್ಲಿ ಅವನ ಫೋನ್ ಬಂತು.

"ನಾನು ಕಣೇ. ಇವತ್ತು ನಿಜವಾಗ್ಲೂ ಮಾತಾಡು."

ಅಷ್ಟರಲ್ಲಿ ಅಂಗಡಿಯಲ್ಲಿ ಗುಂಡಿ ಹೊಲಿಯುವ ಅಕ್ಕ ಹತ್ತಿ ಬಂದಳು. "ಯಾಕೇ, ಇಲ್ಲೇ ನಿಂತ್ಬಿಟ್ಟೆ?"

ನೆಪ ಕೈಯಲ್ಲೇ ಇತ್ತು! ಆದರೂ ಫೋನ್ ಕೆಳಗಿಳಿಸಿದಳು.

"ಏದುಸಿರು ಅಕ್ಕ... ನನ್ನ ಹೃದಯಕ್ಕೆ ಬಲ ಸ್ವಲ್ಪ ಕಡಿಮೆ. ಸುಧಾರಿಸ್ಕೊಂಡು ಬರ್ತೀನಿ."

"ಮೊದಲೇ ಹೇಳೋದಲ್ವೇನೇ? ಚೀಲ ಕೊಡಿಲ್ಲಿ." ಅಕ್ಕ ಚೀಲ ಎತ್ತಿಕೊಂಡು ನಡೆದಳು. ಅಷ್ಟೇ!

ಫೋನ್ ಮತ್ತೆ ಕಿವಿಗಿಟ್ಟಳು. "ಕೇಳಿಸ್ತಾ?"

"ಕೇಳಿಸ್ತು..." ಅವನೆಂದ. "ನನ್ನ ಮದುವೆ ಆಗ್ತೀಯಾ?"

"ಸ್ವಲ್ಪ ತಾಳು..." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಉಸಿರು ತಗೊಂಡು ಹೇಳ್ತೀನಿ ಕಣೋ."