ಬೇರೆ ಇಟ್ಟ ಲೋಟ

"ಯಜಮಾನ್ರ ಬಲಗೈ ಒಂದ್ಸಲ ನೋಡ್ಬೇಕಾಗಿತ್ತು..."

ಬಾಗಿಲಲ್ಲಿ ನಿಂತ ಅಪರಿಚಿತನ ಮಾತು ಕೇಳಿ ಹಫೀಜಾ ತಟ್ಟನೆ ಹಿಂದೆ ತಿರುಗಿ ನೋಡಿದಳು.

ಒಳಗೆ ಅವಳ ತಂದೆ ಮಹಮ್ಮದ್ ಇಸ್ಮಾಯಿಲ್ ಹಬೆಯ ನಡುವೆ ರೇಷ್ಮೆಗೂಡಿನ ನೂಲು ಬಿಚ್ಚುತ್ತ ಕೂತಿದ್ದರು. ಅವರು ಕಾಣದಂತೆ ಅವಳು ಬಾಗಿಲಿಗೆ ಅಡ್ಡ ನಿಂತಳು.

"ನಮ್ಮ ಅಬ್ಬಾ ಕೈಗೆ ಏನೂ ಆಗಿಲ್ಲ. ಹೋಗಿ."

"ಶುಕ್ರವಾರ ಮಸೀದೀಲಿ ಅವರ ಪಕ್ಕದಲ್ಲೇ ಇದ್ದೆ. ಹಣೆ ನೆಲಕ್ಕಿಟ್ಟು ಸಜ್ದಾ ಮಾಡುವಾಗ ಅಂಗೈ ಕೂರ್ಲಿಲ್ಲ. ಕೊನೇ ಎರಡು ಬೆರಳು ಮಡಚ್ಕೊಂಡೇ ಇದ್ವು."

ಅವನು ಡಾಕ್ಟರ್ ದಸ್ತಗಿರ್, ಮುರುಗಮಲ್ಲದವನು. ಬೆಂಗಳೂರಿನಲ್ಲಿ ಮೇಲಿನ ಓದು ಓದುತ್ತಿದ್ದ. ಬೆರಳು ಮಡಚಿಕೊಳ್ಳುವ ಒಂದು ಕಾಯಿಲೆಯ ಬಗ್ಗೆ ಪರದೇಶದ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ, ಬೆರಳು ಎಷ್ಟು ಮಡಚಿದೆ ಎಂದು ನಮ್ಮ ಕಡೆಯವರ ಕೈ ಅಳೆದವರು ತನಗೆ ಸಿಕ್ಕಿಲ್ಲ ಎಂದು ಚಿಂತಾಮಣಿ, ಶಿಡ್ಲಘಟ್ಟ ಸುತ್ತುತ್ತಿದ್ದ. ಇಷ್ಟನ್ನೂ ಅವನು ವಿನಯವಾಗಿಯೇ ಹೇಳಿದ. ಅವಳ ಕಿವಿಗೆ ಬಿದ್ದದ್ದು ಮಾತ್ರ 'ಬೆರಳು ಮಡಚುವ ಕಾಯಿಲೆ' ಎಂಬುದೊಂದೇ.

ಆ ಮನೆಯವರಿಗೆ ಗೊತ್ತಿದ್ದ ಅಂಥ ಕಾಯಿಲೆ ಒಂದೇ. ಮೂರು ವರ್ಷದಿಂದ ಅದರ ಹೆಸರನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೊರಗೆ ಗೊತ್ತಾದರೆ ಅಬ್ಬಾ ಮುಟ್ಟಿದ ನೂಲನ್ನು ಯಾರು ಕೊಳ್ಳುತ್ತಾರೆ? ಅವರನ್ನು ಎಲ್ಲಿಗೆ ಕಳಿಸಿಬಿಡುತ್ತಾರೋ...

ಒಳಗಿನಿಂದಲೇ ಮಾತು ಕೇಳಿಸಿಕೊಂಡಿದ್ದ ಅಬ್ಬಾ ಅಂದಿನಿಂದ ಮಸೀದಿಗೆ ಹೋಗುವುದನ್ನೇ ಬಿಟ್ಟರು. ಮನೆಯ ಮೂಲೆಯಲ್ಲಿ ಚಾಪೆ ಹಾಸಿ, ಬಾಗಿಲು ಮುಂದಕ್ಕೆ ತಳ್ಳಿ ನಮಾಜು ಮಾಡತೊಡಗಿದರು.

ಡಾಕ್ಟರು ಮಾತ್ರ ಬಿಡುವ ಆಸಾಮಿಯಾಗಿರಲಿಲ್ಲ. ಪ್ರತಿ ಗುರುವಾರ ಆ ಬೀದಿಯವರ ಕೈಗಳನ್ನು ಅಳೆದು, ಬಿಸಿಲಿಗೆ ಸುಸ್ತಾಗಿ ಇವರ ಜಗಲಿಯ ಮೇಲೆ ಕೂರುತ್ತಿದ್ದ. ಅಬ್ಬಾರ ಕೈಯ ಮಾತೆತ್ತುತ್ತಿರಲಿಲ್ಲ. ಒಮ್ಮೆ ಅವಳೇ ತಡೆಯಲಾರದೆ, ಆ ಕಾಯಿಲೆ ವಾಸಿಯಾಗುತ್ತದೆಯೇ ಎಂದು ಕೇಳಿದಳು. ಕೈ ನೋಡದೆ ಏನೂ ಹೇಳಲಾಗದು ಎಂದ. ಅವಳ ಭಯ ಇನ್ನಷ್ಟು ಹೆಚ್ಚಿತು.

ಆದರೂ ಗುರುವಾರ ಬಂತೆಂದರೆ ಅವಳ ಕಿವಿ ಬೀದಿಯ ಕಡೆಗೇ ಇರುತ್ತಿತ್ತು. ಅವನು ನಕ್ಕರೆ ಅವಳಿಗೂ ನಗು ಬರುತ್ತಿತ್ತು, ಹಿಂದೆಯೇ ಹೆದರಿಕೆ ಬರುತ್ತಿತ್ತು. ಅವನಿಗೆ ನೀರು ಕೊಡಲೆಂದು ಸಂತೆಯಿಂದ ಹೊಸ ಲೋಟ ತಂದು, ಮನೆಯ ಪಾತ್ರೆಗಳಿಂದ ದೂರ, ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಳು. ತಮ್ಮ ಬಾಯಿ ತಾಗಿದ್ದು ಅವನ ಬಾಯಿಗೆ ತಾಗಬಾರದು.

ಒಂದು ದಿನ ಚಿಂತಾಮಣಿಯಿಂದ ಖಾಲಾ, ಅಂದರೆ ಅವಳ ಚಿಕ್ಕಮ್ಮ ಬಿಸ್ಮಿಲ್ಲಾ ಬೀ ಬಂದರು. ಹಫೀಜಾ ರೇಷ್ಮೆಗೂಡುಗಳ ನೂಲಿನ ತುದಿ ಹುಡುಕುತ್ತಿದ್ದ ಬಿಸಿನೀರಿನ ತೊಟ್ಟಿಗೆ ಅವರೂ ಬೆರಳಿಟ್ಟು, ಅಯ್ಯೋ ಎಂದು ಕೈ ಎಳೆದುಕೊಂಡರು.

ಹಫೀಜಾಳ ಕೈ ಗೆಣ್ಣಿನವರೆಗೂ ಅದೇ ನೀರಿನಲ್ಲಿತ್ತು. ಅವಳಿಗೆ ಸುಟ್ಟಿರಲಿಲ್ಲ!

ಆ ಕಾಯಿಲೆ ಬಂದವರ ಕೈ ಮರಗಟ್ಟುತ್ತದೆ ಎಂದು ಅವಳು ಕೇಳಿದ್ದಳು. ಅಬ್ಬಾಗೂ ಬಿಸಿನೀರು ಸುಡುತ್ತಿರಲಿಲ್ಲ. ಹಾಗಾದರೆ... ತನಗೂ ಬಂತೇ?

ಖಾಲಾ ಬಂದದ್ದು ದಸ್ತಗಿರ್ ಕಡೆಯಿಂದ ಮದುವೆಯ ಮಾತು ಹೊತ್ತು. ಹಫೀಜಾ ಅವರ ಮಾತು ಮುಗಿಯಲೂ ಬಿಡಲಿಲ್ಲ. ಬೇಡ ಎಂದುಬಿಟ್ಟಳು. ಕಾರಣ ಹೇಳಲಿಲ್ಲ.

ಮುಂದಿನ ಗುರುವಾರ ಅವನು ಜಗಲಿಯ ಮೇಲೆ ಕೂರಲಿಲ್ಲ. ಅವಳು ತಂದ ಲೋಟವನ್ನೂ ಮುಟ್ಟಲಿಲ್ಲ.

"ಇಲ್ಲಿ ನನ್ನ ಕೆಲಸ ಮುಗೀತು, ಇನ್ನು ಬರಲ್ಲ. ನಮ್ಮಪ್ಪ ನಮ್ಮೂರ ದರ್ಗಾ ಹತ್ರ ಜಟಕಾ ಹೊಡೀತಿದ್ರು. ದೊಡ್ಡ ಮನೆಗಳಲ್ಲಿ ನನಗೆ ಬೇರೆ ಲೋಟದಲ್ಲೇ ನೀರು ಕೊಡ್ತಿದ್ರು. ನೀವೂ ಅದಕ್ಕೇ ಬೇರೆ ಇಟ್ರಿ ಅಂತ ಬಾಯಿ ಬಿಟ್ಟು ಹೇಳಬಹುದಿತ್ತು."

ಅವಳಿಗೆ ದುಃಖ ಒತ್ತರಿಸಿ ಬಂತು. ಅವನು ಹೋಗಿಬಿಡುತ್ತಾನೆ, ಅದೂ ಇಂಥ ಮಾತು ನಂಬಿಕೊಂಡು!

"ನಮ್ಮ ಲೋಟದಿಂದ ನಿಮಗೆ ಅಂಟಬಾರ್ದು ಅಂತ ಇಟ್ಟೆ ಡಾಕ್ಟ್ರೇ... ಅಬ್ಬಾಗೆ ಕುಷ್ಠ. ನನಗೂ ಬಂದಿದೆ."

ಒಳಗೆ ತಿರುಗುತ್ತಿದ್ದ ಚರಕ ನಿಂತಿತು.

ಯಾರು ಹೇಳಿದರು ಎಂದು ಅವನು ಕೇಳಿದ. ಅವಳು ಬಿಕ್ಕುತ್ತ ಬಿಸಿನೀರಿನ ಕಥೆಯನ್ನೆಲ್ಲ ಹೇಳಿದಳು. ಅವನು ನಗಲಿಲ್ಲ. ಚಪ್ಪಲಿ ಕಳಚಿ ನೇರ ಒಳಗೆ ಹೋಗಿ ಅಬ್ಬಾರ ಮುಂದೆ ಮಂಡಿಯೂರಿದ. ಮೂರು ವರ್ಷ ಬಚ್ಚಿಟ್ಟಿದ್ದ ಕೈಯನ್ನು ಅವರು ಮುಂದೆ ಚಾಚಿದರು.

ಅಂಗೈಯನ್ನು ಒತ್ತಿ ನೋಡಿದ. ತೋಳು, ಬೆನ್ನು ನೋಡಿದ, ಎಲ್ಲೂ ಕುಷ್ಠದ ಮಚ್ಚೆಯಿರಲಿಲ್ಲ. ಆಮೇಲೆ ಚರಕದಿಂದ ಒಂದೆಳೆ ರೇಷ್ಮೆ ಕಿತ್ತುಕೊಂಡು, ಕಣ್ಣು ಮುಚ್ಚಿ, ತಾಗಿದ ಜಾಗ ಹೇಳಿ ಎಂದ. ಎಳೆಯ ತುದಿ ಅಬ್ಬಾರ ಕೈಗೆ ತಾಗಿತು.

"ಕಿರುಬೆರಳ ಹಿಂದೆ..." ಎಂದರು ಅಬ್ಬಾ. "ಈಗ ಮಣಿಕಟ್ಟು."

"ಇದು ಕುಷ್ಠ ಅಲ್ಲ ಸಾಹೇಬ್ರೇ. ನಾನು ಅಳೀತಾ ಇರೋದೇ ಇದನ್ನ. ಅಂಗೈ ಚರ್ಮದ ಕೆಳಗೆ ಗಟ್ಟಿಯಾಗಿ ಹುರಿ ಕಟ್ಕೊಂಡು ಬೆರಳು ಎಳೀತಿದೆ. ಯಾರಿಗೂ ಅಂಟಲ್ಲ. ಆಪರೇಷನ್ ಮಾಡಿದ್ರೆ ಸುಮಾರು ನೇರ ಆಗುತ್ತೆ, ಮತ್ತೆ ಮಡಚ್ಕೊಂಡ್ರೂ ಮಡಚ್ಕೋಬಹುದು."

ಅಬ್ಬಾ ಆ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು.

"ನನಗೆ ಬಿಸಿನೀರು ಯಾಕೆ ಸುಡಲ್ಲ ಮತ್ತೆ?" ಹಫೀಜಾಳ ದನಿ ಕೀರಲಾಗಿತ್ತು.

"ಹತ್ತು ವರ್ಷದಿಂದ ಅದೇ ನೀರಲ್ಲಿ ಬೇಯ್ತಿರೋ ಕೈ. ಅದು ಕಸುಬು, ಕಾಯಿಲೆ ಅಲ್ಲ. ಕಣ್ಣು ಮುಚ್ಚಿ, ನೋಡೇಬಿಡಣ."

ಅವಳು ಕೈ ಚಾಚಿ ಕಣ್ಣು ಮುಚ್ಚಿದಳು.

ಏನೂ ತಿಳಿಯಲಿಲ್ಲ. ಇನ್ನೂ ಏನೂ ತಿಳಿಯಲಿಲ್ಲ... ಯಾ ಅಲ್ಲಾ, ಡಾಕ್ಟರು ಸುಮ್ಮನೆ ಧೈರ್ಯ ಹೇಳಿದರೇ?

ಆಮೇಲೆ, ಕೂದಲಿಗಿಂತ ಹಗುರಾಗಿ ಏನೋ ತಾಗಿತು.

"ಇಲ್ಲಿ..." ಎಂದಳು. "ಉಂಗುರದ ಬೆರಳು."

"ಮೊದಲು ಮುಟ್ಟಿರಲಿಲ್ಲ. ನೀವು ಸುಳ್ಳು ಹೇಳ್ತೀರೇನೋ ಅಂತ ಕಾದೆ," ಎಂದ ದಸ್ತಗಿರ್. "ಖಾಲಾ ಹತ್ರ ಹೇಳಿ ಕಳಿಸಿದ ಮಾತನ್ನ ನಾನು ಇನ್ನೂ ವಾಪಸ್ ತಗೊಂಡಿಲ್ಲ ಹಫೀಜಾ."

ಅವಳು ಅಬ್ಬಾರ ಮುಖ ನೋಡಿದಳು. ಅವರು ಕಣ್ಣೊರೆಸಿಕೊಂಡು, ನಾಳೆ ಶುಕ್ರವಾರ, ಇಬ್ಬರೂ ಮಸೀದಿಗೆ ಜೊತೆಗೇ ಹೋಗೋಣ ಎಂದು ಡಾಕ್ಟರಿಗೆ ಹೇಳಿ, ಮೊದಲು ಅವರಿಗೆ ನೀರು ತಾ ಎಂದು ಮಗಳನ್ನು ಒಳಗೆ ಕಳಿಸಿದರು.

ಅವಳು ತಂದದ್ದು ಅಂಚು ನೆಗ್ಗಿದ ಹಳೇ ಲೋಟ. ದಿನವೂ ಅವಳೇ ಕುಡಿಯುತ್ತಿದ್ದದ್ದು. ಅವನು ಒಂದು ಹನಿಯೂ ಉಳಿಸದೆ ಕುಡಿದ.

"ಹೊಸ ಲೋಟ ಎಲ್ಲಿ?"

"ಅದು ನೆಂಟರಿಗೆ," ಎಂದಳು ಹಫೀಜಾ.