ಹಿಂದೆ ಮೂವರು ಸಾಕು!

"ನಿಮ್ಮ ಜಾಗ ಇನ್ಮೇಲೆ ಅಲ್ಲಲ್ಲ. ಮುಂದೆ ಬನ್ನಿ!"

ಬಸ್ ಡಿಪೋದ ಅಂಗಳ. ಬೆಳಗಿನ ಆರೂವರೆ. ಎರಡೂ ಬದಿಗೆ ಸಾಲಾಗಿ ನಿಂತ ಬಸ್ಸುಗಳ ನಡುವೆ ಫುಟ್‌ಬಾಲ್ ಆಡಲು ಸೇರಿದ್ದ ಡ್ರೈವರುಗಳು, ಮೆಕ್ಯಾನಿಕ್ಕುಗಳು ಬಾಯಿ ಬಿಟ್ಟುಕೊಂಡು ನೋಡಿದರು.

ಗದರಿದವಳು ಅದೇ ಡಿಪೋದ ಕಂಡಕ್ಟರ್. ಕಾಲೇಜಿನಲ್ಲಿ ಆಡಿ ಕಪ್ ಗೆದ್ದವಳು, ಈಗ ತಂಡದ ಹೊಸ ಕೋಚ್. ಬೆನ್ನ ಹಿಂದೆ ಎಲ್ಲರೂ ಅವಳನ್ನು 'ಮೆಣಸಿನಕಾಯಿ' ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಬೇಸರವೇನೂ ಇರಲಿಲ್ಲ!

ಗದರಿಸಿಕೊಂಡವನು ಕ್ಯಾಪ್ಟನ್, ಇಂಜಿನ್ ಮೆಕ್ಯಾನಿಕ್. ಎಂಟು ವರ್ಷದಿಂದ ಎದುರಾಳಿಗಳನ್ನು ತಡೆಯುವ ಹಿಂದಿನ ನಾಲ್ವರ ನಡುವೆ ಕದಲದೆ ನಿಂತು 'ಗೋಡೆ' ಎಂದು ಹೆಸರು ಪಡೆದವನು. ಅಂಥವನನ್ನು ಮೊದಲ ದಿನವೇ ಅಲ್ಲಾಡಿಸಿದರೆ ಸುಮ್ಮನಿರುತ್ತಾನೆಯೇ?

"ಮೇಡಂ, ನಾನಿಲ್ದೆ ಹಿಂದೆ ಯಾರು?"

"ಮೂವರು ಸಾಕು. ನಾಲ್ಕು ಜನ ಹಿಂದೆ ನಿಂತು ಹೋದ ವರ್ಷ ಎಷ್ಟು ಗೋಲು ಹೊಡೆದ್ರಿ?"

ಅವನು ತಲೆ ಕೆರೆದುಕೊಂಡ. "ಎರಡು..."

"ಅದ್ರಲ್ಲೊಂದು ನಮ್ಮ ಗೋಲಿಗೇ ಅಂತೆ!"

ಎಲ್ಲರೂ ಘೊಳ್ಳೆಂದು ನಕ್ಕರು. ಅವನೂ ನಕ್ಕ. ಆ ನಗುವಿನಲ್ಲಿ ಚೂರೂ ಸಿಟ್ಟಿರಲಿಲ್ಲ. ಅವಳ ಎದೆ ಯಾಕೋ ಝುಮ್ಮೆಂದಿತು. 'ಛೆ! ಕೋಚ್ ಆಗಿ ಬಂದಿದ್ದೀಯ, ನೆಟ್ಟಗಿರು!' ಎಂದು ತನ್ನನ್ನೇ ಬೈದುಕೊಂಡಳು.

"ನೀವು ಮಧ್ಯದಲ್ಲಿ ಆಡಿ," ಎಂದಳು. "ಚೆಂಡು ಯಾರಿಗೆ ಕೊಡ್ಬೇಕು ಅನ್ನೋದು ನಿಮ್ಮಷ್ಟು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮನ್ನ ಹಿಂದೆ ನಿಲ್ಲಿಸಿ ಹಾಳು ಮಾಡಿದ್ದಾರೆ."

ಇಷ್ಟು ವರ್ಷದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವನು ಮುಂದೆ ಬಂದ.

ಡಿಪೋ ಮ್ಯಾನೇಜರ್‌ಗೆ ಮಾತ್ರ ಇದು ಹಿಡಿಸಲಿಲ್ಲ. "ಮೂರು ವಾರ ಬಿಟ್ಟು ಅಂಚೆ ಇಲಾಖೆ ತಂಡದ ಮೇಲೆ ಮ್ಯಾಚ್ ಇದೆ. ಅದನ್ನ ಗೆಲ್ಲದಿದ್ರೆ ಕೋಚ್ ಕೆಲಸ ಬಿಟ್ಟು ಟಿಕೆಟ್ ಹರ್ಕೊಂಡಿರಿ," ಎಂದರು.

"ಮೊದ್ಲು ಆಡ್ತೀವಿ ಸರ್. ಆಮೇಲೆ ನೋಡೋಣ," ಎಂದಳು ಅವಳು.

ಮೂರು ವಾರ ಆ ಅಂಗಳದಲ್ಲಿ ಹೊಸ ಆಟ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ಸಂಜೆ ಡ್ಯೂಟಿ ಮುಗಿಸಿ, ಕೈಗೆ ಹತ್ತಿದ ಗ್ರೀಸ್ ಒರೆಸಿಕೊಳ್ಳುತ್ತ ಅವನು ಬರುತ್ತಿದ್ದ. ಅವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಗೆರೆಗಳ ಪಕ್ಕ ಕೂರುತ್ತಿದ್ದ. ಆಟದ ಮಾತು ಮುಗಿದರೂ ಇಬ್ಬರೂ ಏಳುತ್ತಿರಲಿಲ್ಲ...

ಗುರುವಾರ ಎಲ್ಲ ಕೆಟ್ಟಿತು.

ಅಂದು ಅವನು ಮ್ಯಾನೇಜರ್ ರೂಮಿನಿಂದ ಹೊರಬಂದದ್ದನ್ನು ಅವಳು ಕಂಡಳು. ಅರ್ಧ ಗಂಟೆಗೆಲ್ಲ ಅವನು ಅವಳ ಮುಂದೆ ನಿಂತಿದ್ದ.

"ಭಾನುವಾರ ಮ್ಯಾಚ್ ನಡೆಯೋ ಮೈದಾನ ಅಳೆದು ಬಂದೆ ಮೇಡಂ. ನಮ್ಮ ಅಂಗಳಕ್ಕಿಂತ ಮೂವತ್ತು ಹೆಜ್ಜೆ ಅಗಲ ಜಾಸ್ತಿ. ಇಲ್ಲಿ ಆಚೆ ಈಚೆ ಬಸ್ ನಿಂತಿರ್ತವೆ, ಬದಿಯಿಂದ ಯಾರೂ ನುಗ್ಗಲ್ಲ. ಅಲ್ಲಿ ಮೂವರು..."

'ಓಹೋ! ಮ್ಯಾನೇಜರ್ ಹೇಳಿಕೊಟ್ಟು ಕಳಿಸಿದ ಪಾಠ!' ಅವಳ ಮೈಯೆಲ್ಲ ಉರಿದುಹೋಯಿತು.

"ಕುಣಿಯೋಕೆ ಬಾರದವರು ನೆಲ ಡೊಂಕು ಅಂದ್ರಂತೆ! ಹೆಂಗಸು ಹೇಳಿಕೊಟ್ಟ ಆಟ ಆಡೋಕಾಗಲ್ಲ ಅಂತ ನೇರವಾಗಿ ಹೇಳಿ."

"ಅಯ್ಯೋ, ಪೂರ್ತಿ ಕೇಳಿ..."

"ಕೇಳಿದ್ದು ಸಾಕು!"

ಅವನ ಮುಖ ಸಪ್ಪಗಾಯಿತು. "ಸರಿ. ನೀವು ಹೇಳಿದ ಹಾಗೇ ಆಡ್ತೀವಿ," ಎಂದು ಹೊರಟುಹೋದ.

ಭಾನುವಾರ ಬಂತು. ದಿನವಿಡೀ ಬೀದಿ ಬೀದಿ ಸುತ್ತುವ ಅಂಚೆಯವರ ಕಾಲುಗಳಿಗೆ ಆ ಅಗಲ ಮೈದಾನ ಹಬ್ಬವಾಯಿತು! ಎಡಬದಿಯಿಂದ ಒಮ್ಮೆ, ಬಲಬದಿಯಿಂದ ಒಮ್ಮೆ ನುಗ್ಗಿದರು. ಅರ್ಧ ಆಟಕ್ಕೆ ಎರಡು ಗೋಲು.

ಅವಳಿಗೆ ಈಗ ಕಣ್ಣಿಗೆ ಹೊಡೆದಂತೆ ಕಂಡಿತು. ಇಲ್ಲಿ ಬದಿಯಲ್ಲಿ ಬಸ್ಸುಗಳಿಲ್ಲ. ಮೂರು ವಾರ ತಾನು ಬಸ್ಸುಗಳನ್ನು ನಂಬಿಕೊಂಡು ಆಡಿಸಿದ್ದು! ಅವನು ಹೇಳಿದ್ದು ಅಕ್ಷರಶಃ ನಿಜ.

ವಿರಾಮದಲ್ಲಿ ಅವಳು ಎಲ್ಲರ ಮುಂದೆಯೇ ಹೇಳಿದಳು. "ತಪ್ಪು ನಂದು. ಕ್ಯಾಪ್ಟನ್ ಎಚ್ಚರಿಸಿದ್ರು. ನಾನೇ ಕೇಳ್ಲಿಲ್ಲ."

ಮ್ಯಾನೇಜರ್ ದಡದಡ ಬಂದರು. "ಸಾಕು ನಿಮ್ಮ ಪ್ರಯೋಗ! ಏನಪ್ಪಾ ಗೋಡೆ, ಹೋಗಿ ಹಿಂದೆ ನಿಲ್ಲು."

ಅವನು ಎದ್ದು ನಿಂತ. "ಆಗಲ್ಲ ಸರ್. ಗುರುವಾರ ರೂಮಿಗೆ ಕರೆಸಿ ಇದನ್ನೇ ಹೇಳಿದ್ರಿ. ಅವತ್ತೂ ಆಗಲ್ಲ ಅಂದೆ, ಇವತ್ತೂ ಆಗಲ್ಲ. ಆಟ ಇವರದ್ದೇ. ಇವರೇ ಸರಿ ಮಾಡ್ತಾರೆ."

ಅವಳು ಅವನತ್ತ ತಿರುಗಿದಳು. 'ಅಯ್ಯೋ... ನಾನು ಇವರಿಗೆ ಏನೆಲ್ಲ ಅಂದೆ!' ಕಣ್ಣು ತುಂಬಿ ಬಂದರೂ ಅಳಲು ಸಮಯವಿರಲಿಲ್ಲ.

"ಕೇಳಿ! ಹಿಂದೆ ಮೂವರೇ. ಆದ್ರೆ ನಾನು ಬಸ್ ನಿಲ್ಲಿಸೋ ಹಾಗೆ 'ಹೋಲ್ಡಾನ್' ಅಂದ ತಕ್ಷಣ ಬದಿಯ ಇಬ್ಬರೂ ಹಿಂದಕ್ಕೆ ಓಡಿ ಐವರಾಗಿ. 'ರೈಟ್ ರೈಟ್' ಅಂದ್ರೆ ಮತ್ತೆ ಮುಂದೆ."

ಬಲಬದಿಯ ಡ್ರೈವರಣ್ಣ ಹೊಟ್ಟೆ ಸವರಿಕೊಂಡ. "ಇದನ್ನ ಹೊತ್ಕೊಂಡು ಹಿಂದೆ ಮುಂದೆ ಓಡ್ಬೇಕಾ ತಾಯಿ?"

"ಅಣ್ಣಾ, ಇಪ್ಪತ್ತು ವರ್ಷದಲ್ಲಿ ಕಂಡಕ್ಟರ್ 'ರೈಟ್' ಅಂದ ಮೇಲೂ ಗಾಡಿ ಎತ್ತದೆ ಕೂತಿದ್ದೀರಾ?"

"ಇಲ್ಲಮ್ಮ!"

"ಮತ್ತೆ? ಏಳಿ!"

"ಹೋಲ್ಡಾನ್!" ಎಂದು ಅವಳು ಕೂಗಿದಾಗ ಅಂಚೆಯವರು ಬಿದ್ದು ಬಿದ್ದು ನಕ್ಕರು. ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳ ದನಿ ಕೇಳಿದರೆ ಸಾಕು, ಡ್ರೈವರುಗಳ ಕಾಲು ತಾನಾಗಿಯೇ ಏಳುತ್ತಿತ್ತು. ಮಧ್ಯದಿಂದ ಅವನು ಅಳೆದು ತೂಗಿ ಕೊಟ್ಟ ಚೆಂಡನ್ನು ಡ್ರೈವರಣ್ಣ ಗೋಲಿಗಟ್ಟಿದ. ಒಂದು! ಆಟ ಮುಗಿಯಲು ಎರಡು ನಿಮಿಷವಿದ್ದಾಗ ಇನ್ನೊಂದನ್ನು ಅವನೇ ಹೊಡೆದ. ಎಂಟು ವರ್ಷದಲ್ಲಿ 'ಗೋಡೆ'ಯ ಮೊದಲ ಗೋಲು!

ಎರಡು–ಎರಡು. ಆಟ ಮುಗಿದ ಸೀಟಿ ಮೊಳಗಿತು.

"ಗೆದ್ದಿಲ್ವಲ್ಲ. ನಾಳೆಯಿಂದ ಬೇರೆ ಕೋಚ್," ಎಂದರು ಮ್ಯಾನೇಜರ್.

"ಕರೆಸಿ ಸರ್," ಎಂದಳು ಅವಳು. ಅವಳ ತಲೆ ತಗ್ಗಲಿಲ್ಲ. "ನಾನಂತೂ ನಾಳೆ ಆರೂವರೆಗೆ ಅಂಗಳದಲ್ಲಿರ್ತೀನಿ. ಬರೋರು ಬರಲಿ."

"ನಾವು ಬರ್ತೀವಮ್ಮ!" ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದ ಡ್ರೈವರಣ್ಣ ಕೂಗಿದ. "ಸರ್, ಬೇರೆ ಕೋಚ್ ಬಂದ್ರೆ ಆಡೋ ಹನ್ನೊಂದು ಜನಾನೂ ಅವರೇ ತರಲಿ."

ಹನ್ನೊಂದು ತಲೆಗಳೂ ಹೌದೆಂದವು. ಮ್ಯಾನೇಜರ್ ಎಲ್ಲರ ಮುಖ ನೋಡಿದರು. "ಏನಾದ್ರೂ ಮಾಡ್ಕೊಳ್ಳಿ!" ಎಂದು ಗೊಣಗಿಕೊಂಡು ಹೊರಟರು.

ಎಲ್ಲರೂ ಹೋದ ಮೇಲೆ ಅವನು ಬೂಟಿನ ಲೇಸು ಬಿಚ್ಚುತ್ತ ಕೂತಿದ್ದ. ಅವಳು ಪಕ್ಕದಲ್ಲಿ ಕೂತಳು.

"ಮ್ಯಾನೇಜರ್‌ಗೆ ಆಗಲ್ಲ ಅಂದಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ?"

"ಎಲ್ಲಿ ಹೇಳೋಕೆ ಬಿಟ್ರಿ?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ನನ್ನ ಬಾಯಿ ಕೆಟ್ಟದ್ದು... ಹಟಾನೂ ಬಿಡೋಳಲ್ಲ. ಮುಂದೆಯೂ ಜಗಳ ಆಡ್ತೀನಿ."

"ಆಡಿ. ನಿಮ್ಮ ಹಟ ನಂಗಿಷ್ಟ. ಆದ್ರೆ ನಾನು ಮಾತಾಡುವಾಗ ಪೂರ್ತಿ ಕೇಳಿ, ಅಷ್ಟೇ."

"ಹೇಳಿ. ಈಗ ಕೇಳ್ತೀನಿ."

ಅವನ ಕಿವಿ ಕೆಂಪಾಯಿತು. ಲೇಸು ಬಿಟ್ಟು ಅವಳ ಕಣ್ಣನ್ನೇ ನೋಡಿದ. "ನಂಗೆ ನೀವು ಬೇಕು. ಆಟಕ್ಕಲ್ಲ... ಜೀವನಕ್ಕೆ."

ಅವಳು ನಡುವೆ ಬಾಯಿ ಹಾಕಲಿಲ್ಲ. ಗ್ರೀಸಿನ ಕಲೆ ಬಿಡದ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಪೂರ್ತಿ ಆಯ್ತಾ?"

"ಇಲ್ಲ... ಇನ್ನೂ ತುಂಬಾ ಇದೆ."

"ಹೇಳಿ," ಎಂದಳು ಅವಳು. "ನಂಗೇನೂ ಅವಸರ ಇಲ್ಲ."